ಕಾಲು ಕೊಡು, ಗುಂಡ

ಪುಟ್ಟಿಗೆ ಬೆಳಿಗ್ಗೆ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ಪಕ್ಕದ ಅಂಗಡಿಯಲ್ಲಿ ನಾಯಿಗಳಿಗೆ ಸ್ನಾನ ಮಾಡಿಸಿ, ಕೂದಲು ಉಗುರು ಕತ್ತರಿಸುವ ಕೆಲಸ. ಈಗ ಎರಡೂ ಕಡೆಯವರು ಪೂರ್ತಿ ದಿನ ಬಾ ಎನ್ನುತ್ತಿದ್ದರು. ಯಾವುದೆಂದು ಇವತ್ತು ಸಂಜೆಯೊಳಗೆ ಹೇಳಬೇಕಿತ್ತು.

"ಆಸ್ಪತ್ರೆಗೇ ಸೇರ್ಕೊ," ಎಂದಿದ್ದಳು ಅಮ್ಮ. "ಮಗಳು ಡಾಕ್ಟ್ರ ಜೊತೆ ಇದಾಳೆ ಅಂತ ಹೇಳ್ಕೋಬಹುದು. ನಾಯಿಗೆ ಕಟಿಂಗ್ ಮಾಡ್ತಾಳೆ ಅಂದ್ರೆ ಗಂಡಿನ ಕಡೆಯವರು ಬಾಗಿಲಿಂದಾನೇ ಓಡ್ತಾರೆ."

ಆಸ್ಪತ್ರೆಯಲ್ಲಿ ಪುಟ್ಟಿಯ ಕೆಲಸ ಪ್ರಾಣಿಗಳನ್ನು ಅಲುಗಾಡದಂತೆ ಹಿಡಿದುಕೊಳ್ಳುವುದು. ವಾಸಿಯಾಗುವವನ್ನೂ ಅವಳೇ ಹಿಡಿಯಬೇಕು, ನೋವಿಲ್ಲದೆ ಸಾಯಿಸುವ ಕೊನೆಯ ಸೂಜಿಗೆ ಬಂದವನ್ನೂ ಅವಳೇ. ಆ ಎರಡನೆಯದು ಅವಳಿಂದ ಇನ್ನಾಗದು. ಅಂಗಡಿ ನಡೆಸುವ ಅಕ್ಕನಿಗೆ ಹೇಳಬೇಕೆಂದು 'ನಾನು ಅಂಗಡಿಗೇ ಬರ್ತೀನಕ್ಕ' ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲೇ ಹೊರಳಿಸಿಕೊಂಡು ಬಂದಿದ್ದಳು.

ಮಧ್ಯಾಹ್ನ ಅಂಗಡಿಗೆ ಗುಂಡ ಬಂದ. ಮುದಿ ನಾಯಿ. ಮೊದಮೊದಲು ಉಗುರು ಕತ್ತರಿ ಕಂಡರೆ ಅಂಗಡಿಯನ್ನೇ ತಲೆಕೆಳಗು ಮಾಡುತ್ತಿದ್ದವನು. ಅವನ ಗದ್ದವನ್ನು ಅಂಗೈಯಲ್ಲಿಟ್ಟುಕೊಂಡು, ಕಿವಿಯ ಹಿಂದೆ ಹೆಬ್ಬೆರಳಾಡಿಸುತ್ತ, "ಕಾಲು ಕೊಡು, ಗುಂಡ" ಎಂದು ಪುಸಲಾಯಿಸಿ ಪುಸಲಾಯಿಸಿ ಪುಟ್ಟಿಯೇ ಅವನನ್ನು ದಾರಿಗೆ ತಂದಿದ್ದಳು. ಈಗಂತೂ ಗದ್ದಕ್ಕೆ ಕೈ ಹಾಕಿದರೆ ಸಾಕು, ತಾನೇ ಮುಂಗಾಲು ಎತ್ತಿಕೊಡುತ್ತಿದ್ದ.

"ಸ್ನಾನ ಅಷ್ಟೇ ಮಾಡ್ಸಮ್ಮ," ಎಂದರು ಅವನ ಯಜಮಾನರು. "ಉಗುರು ಬೇಡ."

ಉಗುರು ಉದ್ದಕ್ಕೆ ಬೆಳೆದಿತ್ತು. ಹೊಟ್ಟೆಯಡಿ ಸೋಪು ಹಚ್ಚುವಾಗ ಚರ್ಮದ ಕೆಳಗೆ ದೊಡ್ಡ ಗಡ್ಡೆಯೊಂದು ಕೈಗೆ ಸಿಕ್ಕಿತು. ಪುಟ್ಟಿ ಅದರ ಮೇಲೆ ಮೆಲ್ಲಗೆ ನೀರು ಹುಯ್ದಳು. ಮೈ ಒರೆಸಿ ಬಾಚಿ ಕಳಿಸಿದಳು. ಯಜಮಾನರು ರಸ್ತೆಗೆ ಇಳಿಯದೆ ಆಸ್ಪತ್ರೆಯ ಬಾಗಿಲಿಗೆ ತಿರುಗಿದರು.

ಸ್ವಲ್ಪ ಹೊತ್ತಿಗೆ ಡಾಕ್ಟರು ಇಣುಕಿದರು. "ಪುಟ್ಟಿ, ಒಂಚೂರು ಬಾಮ್ಮ. ಯಾರ ಕೈಗೂ ಸಿಗ್ತಿಲ್ಲ ಅವನು."

ಅಂಗಡಿಯಕ್ಕ ಕೂದಲು ಗುಡಿಸುತ್ತಲೇ ಹೇಳಿದಳು, "ಹೋಗಿ ಬಾರೇ. ಅಕ್ಕಪಕ್ಕದವರು, ಆಗಲ್ಲ ಅನ್ನೋಕಾಗುತ್ತಾ?"

ಪುಟ್ಟಿ ಕೈ ಒರೆಸಿಕೊಂಡು ಡಾಕ್ಟರ ಹಿಂದೆ ನಡೆದಳು.

ಮೇಜಿನ ಮೇಲೆ ಗುಂಡ ನಡುಗುತ್ತಿದ್ದ. ಅವಳನ್ನು ಕಂಡದ್ದೇ ಬಾಲ ಆಡಿಸಿದ. ಪುಟ್ಟಿ ಬೇರೆ ರೀತಿ ಹಿಡಿಯಬೇಕೆಂದುಕೊಂಡಳು. ಕೈ ಕೇಳಲಿಲ್ಲ; ರೂಢಿಯಂತೆ ಗದ್ದದಡಿಗೆ ಹೋಯಿತು. ಹೆಬ್ಬೆರಳು ಕಿವಿಯ ಹಿಂದಕ್ಕೆ ಹೋಯಿತು. ಅಲ್ಲಿನ್ನೂ ಸ್ನಾನದ ಒದ್ದೆ ಆರಿರಲಿಲ್ಲ.

ಗುಂಡ ಮುಂಗಾಲು ಎತ್ತಿಕೊಟ್ಟ.

"ಅಬ್ಬಾ, ಎಂಥಾ ಜಾಣ!" ಎಂದು ಡಾಕ್ಟರು ಅದೇ ಕಾಲನ್ನು ಹಿಡಿದು ನರ ಹುಡುಕಿ ಸೂಜಿ ಚುಚ್ಚಿದರು. ಯಜಮಾನರು ಗೋಡೆಯ ಕಡೆ ತಿರುಗಿಕೊಂಡರು. ಪುಟ್ಟಿಯ ಅಂಗೈಯಲ್ಲಿ ಗದ್ದ ನಿಧಾನವಾಗಿ ಭಾರವಾಯಿತು.

"ನಿನ್ನ ಕೈಗುಣ ದೊಡ್ಡದಮ್ಮ," ಎಂದರು ಡಾಕ್ಟರು ಕೈತೊಳೆಯುತ್ತ. "ನಾಳೆಯಿಂದ ಇಲ್ಲೇ ಇದ್ಬಿಡು. ಆಯ್ತಾ?"

ಪುಟ್ಟಿಯ ತಲೆ ಅಲ್ಲಾಡಿತು. ಹೂಂ ಎಂದೋ ಊಹೂಂ ಎಂದೋ ಅವಳಿಗೇ ತಿಳಿಯಲಿಲ್ಲ. ಡಾಕ್ಟರು ಹೂಂ ಎಂದೇ ತಿಳಿದು ನಕ್ಕರು.

ಅಂಗಡಿಯಲ್ಲಿ ಗುಂಗುರು ಕೂದಲಿನ ಮರಿಯೊಂದು ಕಾದಿತ್ತು.

"ಏನು ತೀರ್ಮಾನ ಮಾಡ್ದೆ ಮಹಾರಾಣಿ? ನಂಗೂ ಒಂದ್ಮಾತು ಹೇಳಮ್ಮ," ಎಂದಳು ಅಂಗಡಿಯಕ್ಕ, ಉಗುರು ಕತ್ತರಿ ಚಾಚುತ್ತ.

ದಾರಿಯುದ್ದಕ್ಕೂ ಹೊರಳಿಸಿದ್ದ ಮಾತು ಈಗ ಬಾಯಲ್ಲಿರಲಿಲ್ಲ. ಪುಟ್ಟಿ ಮರಿಯ ಗದ್ದಕ್ಕೆ ಕೈ ಹಾಕಿದಳು. ಅದೂ ಅವಳೇ ಕಲಿಸಿದ ಮರಿ. ತಟ್ಟನೆ ಮುಂಗಾಲು ಎತ್ತಿತು. ಪುಟ್ಟಿಯ ಇನ್ನೊಂದು ಕೈ ಅದನ್ನು ಹಿಡಿಯಲು ಮುಂದೆ ಹೋಗಲಿಲ್ಲ.

"ಹಿಡ್ಕೊಳ್ಳೇ! ಪಾಪ, ಎಷ್ಟೊತ್ತು ಅಂತ ಎತ್ಕೊಂಡೇ ಇರುತ್ತೆ ಅದು?"