ಎಡಗೈಯ ಮೌಸು

ಪಠ್ಯಪುಸ್ತಕ ಅಚ್ಚು ಹಾಕುವ ಆ ಕಚೇರಿಯಲ್ಲಿ ಕಿಟಕಿ ಪಕ್ಕದ ಕಂಪ್ಯೂಟರಿಗೆ ಇಬ್ಬರು ಹಕ್ಕುದಾರರು. ಬೆಳಗಿನಿಂದ ಊಟದವರೆಗೆ ಪುಟ ಜೋಡಿಸುವ ಹೆಂಗಸು, ಆಮೇಲೆ ಚಿತ್ರ ಬರೆಯುವವನು. ಅವಳು ಎಡಚಿ. ಮೌಸಿನ ಎರಡು ಗುಂಡಿಗಳನ್ನು ಅದಲುಬದಲು ಮಾಡುವ ಒಂದು ಸಾಲನ್ನು, ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಶುರುವಾದ ಕೂಡಲೇ ತಾನಾಗಿ ಓಡುವ ಫೈಲಿನಲ್ಲಿ ಬರೆದಿಟ್ಟಿದ್ದಳು. ತಿಂಗಳುಗಟ್ಟಲೆ ಸಲೀಸಾಗಿ ನಡೆದಿತ್ತು.

ಈಚೆಗೆ ವಾರಕ್ಕೆರಡು ಸಲ ಗುಂಡಿಗಳು ಮತ್ತೆ ಬಲಗೈಯವರ ಪಾಲಾಗಿರುತ್ತಿದ್ದವು. ಫೈಲು ತೆರೆದು ನೋಡಿದರೆ ಅವಳ ಸಾಲು ಇದ್ದ ಹಾಗೇ ಇತ್ತು. ಅವಳ ಅನುಮಾನ ಅದರಿಂದಲೇ ಬಲವಾಯಿತು: ಮಾಡಿದವನು ಜಾಣ, ಗುರುತು ಉಳಿಸಿಲ್ಲ.

ಚಿತ್ರಗಾರ ಸೇರಿ ಮೂರು ತಿಂಗಳಾಗಿತ್ತಷ್ಟೆ. ಒಮ್ಮೆ ಅವಳ ಎಡಗೈ ನೋಡಿ ನಕ್ಕಿದ್ದ. ಆ ನಗೆಯನ್ನು ನೆನೆನೆನೆದು ಅವಳು ಯಜಮಾನರ ಬಳಿ ಹೋದಳು.

"ಬೇಕಂತಲೇ ಮಾಡ್ತಿದ್ದಾರೆ ಸರ್, ನನ್ನ ಕೆಲಸ ಕೆಡಲಿ ಅಂತ."

"ನೋಡ್ತೀನಮ್ಮ," ಎಂದರು ಅವರು.

ಗುರುವಾರ ಮತ್ತೆ ಅದೇ ಕಾಟ. ಊಟದ ಹೊತ್ತಿಗೆ ಎದ್ದವಳು ಮನೆಗೆ ಹೋಗದೆ ಕಾಗದದ ಕಟ್ಟುಗಳ ಹಿಂದೆ ಕಾದು ಕೂತಳು. ಚಿತ್ರಗಾರ ಬಂದು, ಕಂಪ್ಯೂಟರಿಗೆ ವೈರಿನಿಂದ ಜೋಡಿಸಿದ್ದ, ಚಿತ್ರ ಬರೆಯುವ ಹಲಗೆಯ ಮೇಲೆ ಪೆನ್ನು ಊರಿದ. ಗೆರೆ ಬೀಳಲಿಲ್ಲ, ಮೌಸಿನ ಬಲಗುಂಡಿ ಒತ್ತಿದ ಹಾಗೆ ಪರದೆಯ ಮೇಲೆ ಆಯ್ಕೆಗಳ ಪಟ್ಟಿ ಬಿಚ್ಚಿಕೊಂಡಿತು. ರೇಗಿ ತಿರುಗಿದವನ ಕಣ್ಣಿಗೆ ಅವಳು ಬಿದ್ದಳು.

"ಮಜಾ ನೋಡೋಕೆ ಕೂತಿದ್ದೀರಾ ಮೇಡಂ? ನನ್ನ ಪೆನ್ನಿಗೆ ಏನು ಮಾಡಿಟ್ಟು ಹೋಗ್ತೀರಿ?"

"ನಾನಾ? ನನ್ನ ಮೌಸು ಕೆಡಿಸೋರು ನೀವು!"

"ನಿಮ್ಮ ಮೌಸು ಕಟ್ಕೊಂಡು ನನಗೇನಾಗ್ಬೇಕು? ನಾನದನ್ನ ಮುಟ್ಟೋದೇ ಇಲ್ಲ."

ಅವಳು ಕುರ್ಚಿ ಎಳೆದುಕೊಂಡು, ಯಂತ್ರಕ್ಕೆ ಸಿಕ್ಕಿಸಿರುವ ಸಾಧನಗಳ ಪಟ್ಟಿಯನ್ನು ಅವುಗಳ ಸಂಖ್ಯೆಗಳ ಸಮೇತ ಪರದೆಗೆ ತರಿಸಿದಳು. ಅವಳ ಸಾಲಿನಲ್ಲಿದ್ದದ್ದು ಹನ್ನೊಂದನೆಯ ಸಾಧನದ ಗುಂಡಿ ಬದಲಿಸು ಎಂದು. ಹನ್ನೊಂದು ಇವತ್ತು ಅವನ ಹಲಗೆ. ಮೌಸು ಹದಿಮೂರಕ್ಕೆ ಹೋಗಿತ್ತು.

ಗುಡಿಸುವ ಅಮ್ಮನನ್ನು ಕರೆದು ಕೇಳಿದರು. "ಆ ಹಲಗೆ ಬಂದಮೇಲೆ ವೈರು ಕಾಲಿಗೆ ಸಿಗುತ್ತೆ ಕಣಮ್ಮ, ಕಿತ್ತಿಟ್ಟು ಗುಡಿಸ್ತೀನಿ. ಯಾವುದನ್ನ ಎಲ್ಲಿಗೆ ಹಾಕ್ಬೇಕು ಅಂತ ನಂಗೇನು ಗೊತ್ತು?" ಎಂದಳು. ವೈರು ಜಾಗ ಬದಲಿಸಿದಂತೆಲ್ಲ ಸಂಖ್ಯೆಯೂ ಬದಲಾಗುತ್ತಿತ್ತು.

ಪುಟ ಜೋಡಿಸುವವಳು ತನ್ನ ಸಾಲಿನಲ್ಲಿದ್ದ ಸಂಖ್ಯೆ ಅಳಿಸಿ ಮೌಸಿನ ಹೆಸರನ್ನೇ ಬರೆದಳು. ವೈರು ಕಿತ್ತು ಬೇರೆ ಕಡೆ ಹಾಕಿ, ಯಂತ್ರವನ್ನು ಮೂರು ಸಲ ಹೊಸದಾಗಿ ಶುರುಮಾಡಿದಳು. ಮೌಸೂ ಸರಿ, ಪೆನ್ನೂ ಸರಿ.

ನಂತರ ಯಜಮಾನರ ಕೋಣೆಗೆ ಹೋದಳು.

"ಅವನನ್ನ ಸೋಮವಾರದಿಂದ ಗೋದಾಮಿಗೆ ಹಾಕಿದ್ದೀನಮ್ಮ. ಪತ್ರಾನೂ ರೆಡಿ."

"ಹರಿದುಹಾಕಿ ಸರ್. ತಪ್ಪು ನನ್ನದು."

ಅವರು ಕನ್ನಡಕ ತೆಗೆದು ಅವಳನ್ನೇ ದಿಟ್ಟಿಸಿದರು. "ಅವನೇನಾದ್ರೂ ಹೆದರಿಸಿದ್ನಾ?"

ಅವರನ್ನು ಕಂಪ್ಯೂಟರಿನ ಬಳಿಗೆ ಕರೆತಂದು, ಎಲ್ಲವನ್ನೂ ಮತ್ತೊಮ್ಮೆ ತೋರಿಸಬೇಕಾಯಿತು. ಅವರು ಪತ್ರ ತಂದು ಇಬ್ಬರೆದುರೇ ಹರಿದುಹಾಕಿದರು. "ಯಾವ ಪತ್ರ?" ಎಂದು ಚಿತ್ರಗಾರ ಕೇಳಿದಾಗ ಅವಳು ಮುಚ್ಚಿಡದೆ ಹೇಳಿ, ಕ್ಷಮೆ ಕೇಳಿದಳು. ಅವನು ಹಲಗೆಯತ್ತ ತಿರುಗಿ ಗೆರೆ ಎಳೆಯತೊಡಗಿದ; ಮರುದಿನ ಅವಳು ಹೊರಟುಹೋದ ಮೇಲೆಯೇ ಒಳಗೆ ಬಂದ.

ಸೋಮವಾರ ಅವನೇ ಬಂದು ಪಕ್ಕದಲ್ಲಿ ನಿಂತ. "ಪೆನ್ನಿನ ಮೇಲೂ ಒಂದು ಗುಂಡಿ ಇದೆ. ಅದಕ್ಕೂ ಒಂದು ಸಾಲು ಬರೆದುಕೊಡ್ತೀರಾ?"

"ಕೊಡ್ತೀನಿ. ನೀವು ಊಟ ಮುಗಿಸ್ಕೊಂಡು ಬನ್ನಿ."

"ಬೇಡ," ಎಂದು ಅವನು ಸ್ಟೂಲು ಎಳೆದುಕೊಂಡು ಕೂತ. "ನೀವು ಬರೀರಿ, ನಾನು ನೋಡ್ತಿರ್ತೀನಿ."