ಗಾಜಿನ ಮೇಲಿನ ಗುರುತು

"ಹಾವು ಹತ್ತುತ್ತೆ ಸಾರ್," ಎಂದು ಅವಳು ಮೂರನೆಯ ಸಲ ಹೇಳಿದಳು.

ಅವಳ ಚೀಲ ಹಾವಿನ ಕೋಣೆಯ ನೆಲದ ಮೇಲೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಡ್ರೈವರ್ ಅದನ್ನು ತಲೆಕೆಳಗು ಮಾಡಿ ಕೊಡವಿದ್ದ. ಊಟದ ಡಬ್ಬಿ, ಬಾಚಣಿಗೆ, ತಲೆನೋವಿನ ಮಾತ್ರೆ, ಗಂಡನ ಹರಿದ ಅಂಗಿ. ನಾಲ್ಕಡಿ ಉದ್ದದ ಹೆಬ್ಬಾವು ಬೀಳಲಿಲ್ಲ. ಡ್ರೈವರ್ ಡಬ್ಬಿಯ ಮುಚ್ಚಳವನ್ನೂ ತೆಗೆದು ಇಣುಕಿ, ಅನ್ನ ಕಂಡು ಮುಚ್ಚಿದ.

ಖಾಲಿಯಾದ ಗಾಜಿನ ಪೆಟ್ಟಿಗೆಯ ಎದುರು ಮನೆಯ ಯಜಮಾನರಾದ ಲಾಯರ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೊರದೇಶದಿಂದ ತರಿಸಿದ ಹಾವು. ಅದಕ್ಕೆಂದೇ ಒಂದು ಕೋಣೆ, ಬೆಚ್ಚಗಿಡಲು ಹಗಲಿರುಳು ಉರಿಯುವ ದೀಪ. ಲಾಯರು ಕೋರ್ಟಿನಲ್ಲಿ ಹೇಗೋ ಮನೆಯಲ್ಲೂ ಹಾಗೇ, ದನಿ ಏರಿಸುವವರಲ್ಲ.

"ನೋಡಮ್ಮ, ಇದು ನೆಲದ ಜಾತಿ. ಬಿಲದಲ್ಲಿ ಹುಟ್ಟುತ್ತೆ, ನೆಲದಲ್ಲಿ ಹರಿಯುತ್ತೆ, ನೆಲದಲ್ಲೇ ಸಾಯುತ್ತೆ. ಹತ್ತೋ ಜಾತಿ ಬೇರೆ. ಪುಸ್ತಕದಲ್ಲಿ ಬರೆದಿದೆ. ಪೆಟ್ಟಿಗೆ ಮೇಲೆ ಮುಚ್ಚಿರೋ ಜಾಲರಿಗೆ ನಾನು ಕ್ಲಿಪ್ ಹಾಕಿಸದೆ ಇದ್ದಿದ್ದೂ ಅದಕ್ಕೇ. ಅಂದ್ರೆ ಅದು ಹೋಗಿರೋದು ಪೆಟ್ಟಿಗೆ ಮುಂದಿನ ಬಾಗಿಲಿಂದ. ಅದಕ್ಕೆ ಬೀಗ ಇದೆ. ಬೀಗದ ಕೈ ಎರಡು. ಒಂದು ನನ್ನ ಹತ್ರ."

ಎರಡನೆಯದು ಯಾರ ಹತ್ತಿರ ಎಂದು ಅವರು ಹೇಳಲಿಲ್ಲ. ಹೇಳದೆ ಬಿಡುವುದೂ ಅವರ ಕಸುಬಿನ ಒಂದು ಪಟ್ಟು.

"ಹತ್ತುತ್ತೆ ಅಂತೀಯಲ್ಲ, ಹತ್ತಿದ್ದನ್ನ ನೋಡಿದೀಯಾ?"

"ಹಗಲೆಲ್ಲ ಮಲಗಿರುತ್ತೆ ಸಾರ್. ಬೆಳಿಗ್ಗೆ ನಾನು ಬರೋ ಹೊತ್ತಿಗೆ ಗಾಜಿನ ಮೇಲ್ಗಡೆ, ಜಾಲರಿ ಹತ್ರ, ಹೊಟ್ಟೆ ಉಜ್ಜಿದ ಗುರುತಿರುತ್ತೆ. ದಿನಾ."

"ಎಲ್ಲಿ, ತೋರಿಸು."

ಅವಳು ಗಾಜನ್ನು ನೋಡಿದಳು. ಇದೆಯೋ ಇಲ್ಲವೋ ಎನ್ನುವಷ್ಟು ನಿರ್ಮಲವಾಗಿತ್ತು.

"ಒರೆಸಿಬಿಟ್ಟೆ ಸಾರ್."

ಕೆಲಸಕ್ಕೆ ಸೇರಿದ ಮೊದಲ ವಾರ ಅಮ್ಮಾವರು ಆ ಗಾಜಿನ ಮೇಲೆ ಬೆರಳಾಡಿಸಿ, ಬೆರಳನ್ನು ಅವಳ ಮುಖದ ಮುಂದೆ ಹಿಡಿದಿದ್ದರು. "ಗಾಜು ಇದೆ ಅಂತಲೇ ಗೊತ್ತಾಗಬಾರದು, ತಿಳೀತಾ?" ಅಂದಿನಿಂದ ಎರಡು ವರ್ಷ, ಚೀಲ ಇಟ್ಟು ಸೆರಗು ಸಿಕ್ಕಿಸಿದವಳೇ ಮಾಡುವ ಮೊದಲ ಕೆಲಸ ಅದು. ಮೊದಲು ಗಾಜು, ಆಮೇಲೆ ಬೀಗ ತೆಗೆದು ನೀರಿನ ಬಟ್ಟಲು. ಇವತ್ತೂ ಮೇಲಿನ ಗುರುತು ಒರೆಸಿದ್ದಳು. ಜಾಲರಿಯ ಒಂದು ಮೂಲೆ ಸರಿದಿತ್ತು, ಸರಿಯಾಗಿ ಕೂರಿಸಿದ್ದಳು. ಬೀಗ ತೆಗೆದು ಬಟ್ಟಲಿಗೆ ಕೈ ಹಾಕಿದಾಗಲೇ ಒಳಗೆ ಹಾವು ಮಲಗುವ ಮಡಕೆ ಖಾಲಿಯಿದ್ದದ್ದು ಕಂಡದ್ದು. ಅವಳು ಕೂಗಿಕೊಂಡಾಗ ಓಡಿಬಂದವರಿಗೆ ಕಂಡದ್ದು ಇಷ್ಟೇ: ತೆರೆದ ಬಾಗಿಲು, ಬೀಗದ ಕೈ ಹಿಡಿದು ನಿಂತ ಕೆಲಸದವಳು.

"ಚೆನ್ನಾಗಿದೆ. ಸಾಕ್ಷಿ ಇತ್ತು, ನೀನೇ ಒರೆಸಿದೆ," ಎಂದು ಲಾಯರು ಸಣ್ಣಗೆ ನಕ್ಕರು.

ಅಮ್ಮಾವರಿಗೆ ಆಗ ಏನೋ ನೆನಪಾಯಿತು. "ಹೋದ ವಾರ ಇವಳ ಗಂಡ ಈ ಕೋಣೆಗೆ ಬಣ್ಣ ಬಳಿದ್ನಲ್ಲ, ಅವತ್ತೇನಂದ ಗೊತ್ತಾ? ಇದನ್ನ ಬಣ್ಣದ ಡಬ್ಬಕ್ಕೆ ಹಾಕ್ಕೊಂಡು ಹೋಗ್ಲಾ ಅಮ್ಮಾ, ನಮ್ಮನೆ ಇಲಿಗಳಿಗೆ ಒಂದು ಗತಿ ಕಾಣಿಸುತ್ತೆ ಅಂದ."

"ಅಯ್ಯೋ, ತಮಾಷೆಗಂದಿದ್ದು! ನೀವೂ ನಕ್ಕಿದ್ರಲ್ಲಮ್ಮಾ!"

"ನಾನೆಲ್ಲಿ ನಕ್ಕೆ?" ಎಂದರು ಅಮ್ಮಾವರು.

*

ಅವಳ ಗಂಡನನ್ನು ಹಿಡಿದದ್ದು ನಾಲ್ಕನೆಯ ಮಹಡಿಯ ಎತ್ತರದಲ್ಲಿ. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದ. ಜೊತೆಯವರು ಅವನನ್ನು ಉಡ ಎಂದೇ ಕರೆಯುತ್ತಿದ್ದರು. ಗೋಡೆಗೆ ಅಂಟಿಕೊಂಡರೆ ಊಟಕ್ಕೂ ಇಳಿಯುವವನಲ್ಲ. "ಏಯ್ ಉಡ, ಕೆಳಗೆ ಪೊಲೀಸ್ ಬಂದವ್ರೆ, ನಿನ್ನ ಬಣ್ಣ ಅವರಿಗೆ ಹಿಡಿಸಿಲ್ವಂತೆ!" ಎಂದು ಯಾರೋ ಕೂಗಿದರು. ಅವನೂ ನಗುತ್ತಲೇ ಇಳಿದ.

ಸ್ಟೇಷನ್ನಿನ ಹೊರಗಿನ ಬೆಂಚಿನಲ್ಲಿ ಅವಳು ಸಂಜೆಯವರೆಗೆ ಕೂತಿದ್ದಳು. ಮೊದಲು ಒಳಗಿನಿಂದ ಮಾತು ಕೇಳುತ್ತಿತ್ತು. "ಯಾರಿಗೆ ಮಾರಿದೆ?" ಎಂದು ಒಂದೇ ಪ್ರಶ್ನೆ, ಹತ್ತು ಬಾರಿ. ಆಮೇಲೆ ಮಾತು ನಿಂತಿತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು. ಅವಳು ಎಣಿಸಬಾರದೆಂದು ಎದುರಿನ ಗೋಡೆಯ ಮೇಲೆ ಬರೆದದ್ದನ್ನು ಓದತೊಡಗಿದಳು. ಸಾರ್ವಜನಿಕರ ಸೇವೆಗೆ ಎಂದಿತ್ತು. ಅದನ್ನೇ ಮತ್ತೆ ಮತ್ತೆ ಓದಿದಳು.

ಹೊರಬಂದ ದಫೇದಾರ ಹಣೆ ಒರೆಸಿಕೊಂಡ. "ನಿನ್ನ ಗಂಡಂದು ಭಾರಿ ಪಟ್ಟು ಕಣಮ್ಮ. ಹಾವು ಎಲ್ಲಿದೆ ಅಂತ ಹೇಳಿಸು, ಈಗಲೇ ಕರ್ಕೊಂಡು ಹೋಗು."

"ಮನೇಲೇ ಇದೆ ಸಾರ್. ಮೇಲೆ ಎಲ್ಲೋ ಹತ್ತಿ ಕೂತಿದೆ. ಒಂದು ಸಲ ಹುಡುಕಿಸಿ."

"ಲಾಯರ್ ಸಾಹೇಬ್ರು ಅದು ಹತ್ತೋ ಜಾತಿ ಅಲ್ಲ ಅಂತ ಬರೆದುಕೊಟ್ಟವ್ರೆ. ನೀನು ಅವರಿಗಿಂತ ಓದಿದೀಯಾ?"

ಆ ಮನೆಯಲ್ಲಿ ಹುಡುಕಿರಲಿಲ್ಲವೆಂದಲ್ಲ. ಸೋಫಾ ಉರುಳಿಸಿದ್ದರು, ಫ್ರಿಜ್ ಸರಿಸಿದ್ದರು, ಬಚ್ಚಲ ಕೊಳವೆಗೆ ಟಾರ್ಚ್ ಬಿಟ್ಟಿದ್ದರು. ಲಾಯರು, ಡ್ರೈವರು, ತೋಟದವನು, ಮೂವರೂ ಅಂಬೆಗಾಲಿಟ್ಟುಕೊಂಡು ಮನೆಯೆಲ್ಲ ಸುತ್ತಿದ್ದರು. ನೆಲದ ಹಾವನ್ನು ನೆಲದಲ್ಲಿ ಹುಡುಕಿದರು. ಒಬ್ಬರೂ ತಲೆಯೆತ್ತಿರಲಿಲ್ಲ.

*

ಮೂರನೆಯ ದಿನ ಬೆಳಿಗ್ಗೆ ಅವಳು ಲಾಯರ ಮನೆಯ ಹಿತ್ತಲ ಬಾಗಿಲು ತಟ್ಟಿದಳು. ಅಡುಗೆಯಜ್ಜಿ ಅರ್ಧ ತೆರೆದು ಸುತ್ತ ನೋಡಿದಳು.

"ನಿಂಗೇನು ಹುಚ್ಚೇನೇ? ಮತ್ತೆ ಈ ಹೊಸಿಲು ಯಾಕೆ ತುಳಿದೆ?"

"ಐದೇ ನಿಮಿಷ ಅಜ್ಜಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳಬೇಡ, ನನ್ನ ಕಾಲು ಮೊದಲೇ ಸರಿ ಇಲ್ಲ. ನೋಡ್ಕೊಂಡು ಓಡು. ಕೇಳಿದ್ರೆ ನಾನು ಮಲಗಿದ್ದೆ."

ಅವಳು ಹಾವಿನ ಕೋಣೆಯ ನಡುವೆ ನಿಂತು ಮೇಲೆ ನೋಡಿದಳು. ಕಿಟಕಿಯ ಪರದೆ ಸೂರಿನವರೆಗೆ ಇತ್ತು, ದಪ್ಪ ಬಟ್ಟೆ. ಅದರ ತುದಿಯಲ್ಲಿ, ಪರದೆಯ ಕಂಬಿ ಕಾಣದಿರಲೆಂದು ಹೊಡೆದಿದ್ದ ಮರದ ಪೆಟ್ಟಿಗೆ. ಹೋದ ವಾರ ಅವಳ ಗಂಡನೇ ಅದಕ್ಕೆ ಬಿಳಿ ಬಳಿದಿದ್ದ. ಬಿಳಿಯ ಮೇಲೆ ಒಂದು ಕಡೆ ತೆಳ್ಳಗೆ ಕೊಳೆಯ ಗೆರೆ ಎದ್ದಿತ್ತು. ಎರಡು ವರ್ಷ ದಿನಾ ಒರೆಸಿದ ಗುರುತನ್ನು ಅವಳ ಕಣ್ಣು ಗುರುತಿಸದೆ ಇರುತ್ತದೆಯೆ?

ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿದಳು. ಪೆಟ್ಟಿಗೆಯೊಳಗೆ ಕೈ ಹಾಕಿದರೆ ತಣ್ಣಗಿನ, ಭಾರದ ಮೈ. ಕಂಬಿಗೆ ಮೂರು ಸುತ್ತು ಸುತ್ತಿಕೊಂಡು ಮಲಗಿತ್ತು. "ಸೋಮಾರಿ," ಎಂದಳು, ಅದಕ್ಕೆ ಅವಳೇ ಇಟ್ಟ ಹೆಸರು. ಒಂದೊಂದೇ ಸುತ್ತು ಬಿಡಿಸತೊಡಗಿದಳು.

"ಯಾರದು ಮೇಜಿನ ಮೇಲೆ?" ಬಾಗಿಲಲ್ಲಿ ಲಾಯರು. ಆಮೇಲೆ ಹಾವು ಕಂಡಿತು. ಓಡಿಬಂದು ಎರಡೂ ಕೈ ಚಾಚಿದರು. "ಮೆಲ್ಲಗೆ, ಮೆಲ್ಲಗೆ! ಬೆನ್ನೆಲುಬು ನಾಜೂಕು ಅದಕ್ಕೆ."

ದೀಪದ ಕೆಳಗೆ ಮಲಗಿಸಿ, ತಲೆಯಿಂದ ಬಾಲದವರೆಗೆ ಬೆರಳಾಡಿಸಿ, ಎಲ್ಲೂ ಗಾಯವಾಗಿಲ್ಲವೆಂದು ಖಾತ್ರಿ ಮಾಡಿಕೊಂಡರು. "ಆಶ್ಚರ್ಯ ಕಣೇ," ಎಂದು ಹೆಂಡತಿಯನ್ನು ಕರೆದರು. "ಹತ್ತಿಬಿಟ್ಟಿದೆ! ಸಾವಿರಕ್ಕೊಂದು ಇರುತ್ತೇನೋ. ಫೋಟೋ ತೆಗೆಯಬೇಕಿತ್ತು." ಮೊದಲು ಕ್ಲಿಪ್ಪಿನ ಅಂಗಡಿಗೆ ಫೋನ್ ಮಾಡಿದರು. ಸ್ಟೇಷನ್ನಿಗೆ ಆಮೇಲೆ.

"ಹೋಗಲಿ ಬಿಡು, ಮನಸ್ಸಿಗೆ ಹಚ್ಕೋಬೇಡ," ಎಂದರು ಅಮ್ಮಾವರು ಅವಳಿಗೆ. "ಸೋಮವಾರದಿಂದ ಬಾ. ಗಾಜು ನೋಡು ಹೇಗಾಗಿದೆ."

*

ಗಂಡ ಸ್ಟೇಷನ್ನಿನ ಮೂರು ಮೆಟ್ಟಿಲನ್ನು ಕೂತುಕೊಂಡೇ ಇಳಿದ. ಅಂಗಾಲು ಎರಡೂ ಒಡೆದಿದ್ದವು, ಬಲಗಾಲಿನ ಹರಡು ಮುರಿದಿತ್ತು. ಮೂಳೆ ಕೂಡಿದರೂ ಮೊದಲಿನ ಹಾಗೆ ಭಾರ ಹೊರಲಾರದು ಎಂದು ಆಸ್ಪತ್ರೆಯಲ್ಲಿ ಹೇಳಿದರು. "ನೆಲದ ಕೆಲಸ ಮಾಡಬಹುದು."

ಅವಳು ಸೋಮವಾರದಿಂದ ಹೋದಳು. ಹೋಗದೆ ನಡೆಯುವಂತಿರಲಿಲ್ಲ.

ಒಂದು ಭಾನುವಾರ ಅವಳು ಮನೆಯ ನೆಲ ಒರೆಸುತ್ತಿದ್ದಾಗ ಗಂಡನ ಜೊತೆಗಾರನೊಬ್ಬ ಬಂದ. ಬಾಗಿಲಲ್ಲೇ ನಿಂತು ಚಪ್ಪಲಿಯ ತುದಿಯಿಂದ ನೆಲ ಕೆರೆದ. "ಏಣಿ ಬೇಕಿತ್ತಲ್ಲ ಉಡಣ್ಣ. ನೀನು ಹುಷಾರಾಗೋವರೆಗೆ ಅಷ್ಟೇ."

"ತಗೊಂಡ್ಹೋಗೋ," ಎಂದ ಗಂಡ ಚಾಪೆಯ ಮೇಲಿಂದ. "ಸುಮ್ನೆ ಜಾಗ ಹಿಡ್ಕೊಂಡು ನಿಂತಿದೆ. ವಾಪಸ್ ತರೋ ಅವಸರ ಏನಿಲ್ಲ."

ಜೊತೆಗಾರ ಏಣಿಯನ್ನು ಹೆಗಲಿಗೇರಿಸಿ ಬಾಗಿಲಲ್ಲಿ ಓರೆ ಮಾಡಿಕೊಂಡು ಹೊರಟ. ಅದು ಇಷ್ಟು ವರ್ಷ ಒರಗಿದ್ದ ಗೋಡೆ ಬರಿದಾಯಿತು. ಸೂರಿನ ಹತ್ತಿರ, ಕೈಗೆಟುಕದಷ್ಟು ಎತ್ತರದಲ್ಲಿ, ಏಣಿಯ ಎರಡು ತುದಿಗಳು ಉಜ್ಜಿ ಉಜ್ಜಿ ಮೂಡಿದ ಎರಡು ಕಪ್ಪು ಗುರುತು.

ಅವಳು ಒದ್ದೆ ಬಟ್ಟೆ ಹಿಡಿದು ಅವನ್ನು ನೋಡುತ್ತ ನಿಂತಳು. ಸ್ಟೂಲು ಪಕ್ಕದಲ್ಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಬಟ್ಟೆಯನ್ನು ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿದಳು.