ಎಂಟು ಪುಟದ ಪ್ರವಾಸ

ಬೈಂಡಿಂಗ್ ಅಂಗಡಿಯಿಂದ ಬಂದ ಅಕ್ಕ ಬೆರಳಿಗಂಟಿದ ಗೋಂದನ್ನು ತಿಕ್ಕಿ ತೊಳೆದು ಊಟದ ಮೇಜಿನ ಮೇಲೆ ಹಾಳೆ ಹರಡಿದಳೆಂದರೆ ಸಾಕು, ತಂಗಿ ಮನೆಯ ಯಾವ ಮೂಲೆಯಲ್ಲಿದ್ದರೂ ಓಡಿ ಬರುತ್ತಿದ್ದಳು. ಎರಡು ವರ್ಷದಿಂದ ಆ ಮನೆಯಲ್ಲಿ ಇದೇ ಸಂಭ್ರಮ. ಅಂಗಡಿಗೆ ಒಂದು ಪ್ರವಾಸ ಕೈಪಿಡಿ ಹೊಲಿಗೆಗೆ ಬಂದಿತ್ತು. ಮಸಿ ಮೆತ್ತಿ ಹಾಳಾದ ಹಾಳೆಗಳನ್ನು ಅಕ್ಕ ಮನೆಗೆ ತಂದಿದ್ದಳು. ಅದರಲ್ಲೊಂದು ಪರದೇಶ. ಬೆಟ್ಟದ ತುದಿಯಲ್ಲಿ ಪುರಾತನ ಪುಣ್ಯಸ್ಥಳ, ಅಲ್ಲಿಗೆ ಸಾವಿರದ ಇನ್ನೂರು ಮೆಟ್ಟಿಲು, ಬಂಡೆ ಕೊರೆದು ಮಾಡಿದ ಪ್ರಾರ್ಥನಾ ಗುಹೆಗಳು, ಬಿಸಿನೀರಿನ ಬುಗ್ಗೆ, ನೀರಿನ ಹಿಂದೆಯೇ ನಡೆದು ಹೋಗಬಹುದಾದ ಜಲಪಾತ. ನೋಡಿದ್ದೇ ತಡ, ಇಬ್ಬರಿಗೂ ಹುಚ್ಚು ಹಿಡಿಯಿತು.

"ಅಕ್ಕ, ಇಳಿದ ದಿನಾನೇ ಬೆಟ್ಟ ಹತ್ತಿಬಿಡೋಣ," ಎನ್ನುತ್ತಿದ್ದಳು ತಂಗಿ.

"ನಿಂದೇನಮ್ಮ, ಕುದುರೆ ಕಾಲು. ಅಪ್ಪನ ಮಂಡಿ ಒಪ್ಪಬೇಕಲ್ಲ? ಮೊದಲನೇ ದಿನ ಬರೀ ನಿದ್ದೆ. ಬೆಟ್ಟ ಐದನೇ ದಿನ."

ಅಕ್ಕನಿಗೆ ಮೂವತ್ತು. ಹನ್ನೆರಡನೇ ವಯಸ್ಸಿಗೆ ಮೂರ್ಛೆ ರೋಗ ಅಂಟಿಕೊಂಡಿತ್ತು. ಎರಡು ಹೊತ್ತು ಮಾತ್ರೆ ತಪ್ಪಿಸುತ್ತಿರಲಿಲ್ಲ. ಮೂರು ವರ್ಷದಿಂದ ಒಮ್ಮೆಯೂ ಬಿದ್ದಿರಲಿಲ್ಲ. "ನಿದ್ದೆ ಕೆಡಿಸ್ಕೋಬೇಡಿ, ಧಾರಾಳವಾಗಿ ಹೋಗಿ ಬನ್ನಿ" ಎಂದು ಡಾಕ್ಟರೇ ಹೇಳಿದ್ದರು. ಆ ದಿನ ಅವಳು ಆಸ್ಪತ್ರೆಯಿಂದ ಮನೆಯವರೆಗೆ ನಡೆದೇ ಬಂದಿದ್ದಳು, ಬಸ್ಸು ಹತ್ತುವುದನ್ನೂ ಮರೆತು.

ಅಷ್ಟರಲ್ಲಿ ತಂಗಿಗೆ ಮದುವೆ ಗೊತ್ತಾಯಿತು. ಮಂಡಿ ನೋವಿದ್ದರೂ ಹುಡುಗನ ಅಜ್ಜಿಗೂ ಆ ಬೆಟ್ಟವನ್ನು ಕಣ್ಣಾರೆ ಕಾಣುವ ಆಸೆಯಿತ್ತಂತೆ. ಮದುವೆಗೆ ಮುಂಚೆ ಎರಡೂ ಮನೆಯವರು ಕೂಡಿಯೇ ಹೋಗಿ ಬರುವುದೆಂದು ಮಾತಾಯಿತು. ಆ ಕಡೆಯಿಂದ ನಾಲ್ಕು, ಈ ಕಡೆಯಿಂದ ನಾಲ್ಕು ಎಂದು ಲೆಕ್ಕ ಹಾಕಿ ಅಕ್ಕ ಎಲ್ಲವನ್ನೂ ಹೊಸದಾಗಿ ಬರೆದಳು.

ಬರೆದದ್ದೂ ತನ್ನ ಕಸುಬಿನ ರೀತಿಯಲ್ಲೇ. ಪುಸ್ತಕದ ಪುಟಗಳು ಅಚ್ಚಾಗಿ ಬರುವ ದೊಡ್ಡ ಹಾಳೆಯಲ್ಲಿ ವರಸೆಯಾಗಿ ಇರುವುದಿಲ್ಲ. ಒಂದರ ಪಕ್ಕದಲ್ಲಿ ಎಂಟು ಕೂತಿರುತ್ತದೆ. ನಾಲ್ಕು, ಐದು ತಲೆಕೆಳಗಾಗಿ ಮಲಗಿರುತ್ತವೆ. ಎರಡು ಸಲ ಮಡಿಸಿ ಅಂಚು ಸೀಳಿದಾಗಲೇ ಒಂದರ ಹಿಂದೆ ಎರಡು ಬಂದು ನಿಲ್ಲುವುದು. ಅಕ್ಕ ಹಾಳೆಯನ್ನು ಹಾಗೆ ಮಡಿಸಿ, ಪುಟಕ್ಕೊಂದು ದಿನದಂತೆ ಎಂಟು ದಿನ ತುಂಬಿಸಿದಳು. ಅಂಚು ಇನ್ನೂ ಸೀಳಿರಲಿಲ್ಲ. ಸಂಖ್ಯೆ ಹಾಕುವುದಂತೂ ಅವಳಿಗೆ ಹೊಳೆಯಲೇ ಇಲ್ಲ. ಮಡಿಕೆಯಲ್ಲೇ ವರಸೆ ಇರುವಾಗ ಸಂಖ್ಯೆ ಏಕೆ?

ಗುರುವಾರ ಡ್ರಾಯರಿನಲ್ಲಿ ಹಾಳೆ ಇರಲಿಲ್ಲ. "ನಾನು ನೋಡಿಲ್ಲಕ್ಕ," ಎಂದಳು ತಂಗಿ, ಮುಖ ತಿರುಗಿಸಿಕೊಂಡೇ. ಶನಿವಾರ ಟ್ರಾವೆಲ್ಸ್‌ನವರ ಲಕೋಟೆ ಬಂತು. ತನ್ನ ಪ್ರವಾಸವೇ ತಾನೇ ಎಂದು ಅಕ್ಕ ಅಕ್ಕರೆಯಿಂದ ಒಡೆದಳು. ಅಪ್ಪ ತುಂಬಿಸಿ ಕೊಟ್ಟಿದ್ದ, ಹೋಗುವವರ ಪಟ್ಟಿಯ ನಕಲಿನಲ್ಲಿ ಏಳು ಹೆಸರಿತ್ತು. ತನ್ನದು ಬಿಟ್ಟುಹೋಗಿದೆಯೇನೋ ಎಂದು ಹಿಂದೆ ತಿರುಗಿಸಿ ನೋಡಿದಳು. ತಂಗಿಯ ಹೆಸರಿನ ಮುಂದೆ ಅಪ್ಪನ ದುಂಡು ಅಕ್ಷರದಲ್ಲಿ 'ಒಬ್ಬಳೇ ಮಗಳು' ಎಂದು ಬರೆದಿತ್ತು.

ಅಪ್ಪ ನಿವೃತ್ತ ಮೇಷ್ಟ್ರು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವುದರಲ್ಲಿ ಹೆಸರುವಾಸಿ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

"ಇದೇನಪ್ಪ?" ಎಂದು ಅಕ್ಕ ಕಾಗದವನ್ನು ಮುಂದಿಟ್ಟಳು.

ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ಮಾತಾಡಿದ್ದು ಅಮ್ಮ. "ಅವ್ರಿಗೆ ಗೊತ್ತಾದ್ರೆ 'ಇದು ವಂಶದಲ್ಲೇ ಇದೆ' ಅಂತಾರೆ ಕಣೇ. ಹಿಂದೆ ಎರಡು ಸಂಬಂಧ ಬಾಗಿಲವರೆಗೂ ಬಂದು ವಾಪಸ್ ಹೋದ್ವು. ಯಾಕೆ ಅಂತ ನಿಂಗೇ ಗೊತ್ತು. ಅವಳ ಬಾಳೂ ಹಾಳಾಗ್ಬೇಕಾ? ನಾನು ಇಬ್ಬರಿಗೂ ತಾಯಿ. ಒಬ್ಬಳನ್ನಾದ್ರೂ ದಡ ಸೇರಿಸ್ಬೇಕಲ್ಲ?"

"ಹಾಗಾದ್ರೆ ಅವ್ರು ಬಂದಾಗಲೆಲ್ಲ ನನ್ನನ್ನ ಚಿಕ್ಕಮ್ಮನ ಮನೆಗೆ ಕಳಿಸಿದ್ದು..."

ಹುಡುಗನ ಕಡೆಯವರು ಬಂದಿದ್ದ ಎರಡು ಸಲವೂ ಚಿಕ್ಕಮ್ಮನಿಗೆ ಮೈ ಸರಿಯಿಲ್ಲವೆಂದು ಅಮ್ಮ ಅವಳನ್ನು ಅಟ್ಟಿದ್ದಳು. ಅಲ್ಲಿ ಚಿಕ್ಕಮ್ಮ ಗುಂಡುಕಲ್ಲಿನಂತಿದ್ದಳು. ಆಗಲೂ ಅಕ್ಕನಿಗೆ ಅನುಮಾನ ಬಂದಿರಲಿಲ್ಲ. ಮನೆಯವರ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ?

ಅವಳು ತಂಗಿಯ ಕಡೆ ತಿರುಗಿದಳು. "ಹಾಳೆ ತೆಗೆದುಕೊಟ್ಟಿದ್ದು ನೀನೇನಾ?"

ತಂಗಿ ಅಳತೊಡಗಿದಳು. "ವಾಪಸ್ ಬಂದ ಮೇಲೆ ಎಲ್ಲಾ ಹೇಳೋಣ ಅಂತಿದ್ದೆ. ಮದುವೆ ಒಂದು ಮುಗೀಲಿ ಅಂತ..."

"ನನ್ನ ಬಿಟ್ಟು ಹೋಗ್ತೀನಿ ಅಂದಿದ್ರೆ ನಾನೇ ಬ್ಯಾಗ್ ತುಂಬಿ ಕಳಿಸ್ತಿದ್ನಲ್ಲೇ. ನಾನು ಹುಟ್ಟೇ ಇಲ್ಲ ಅಂದ್ಬಿಟ್ರಲ್ಲ ನೀವು."

ಅವತ್ತು ಅಕ್ಕ ಮೊದಲ ಸಲ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಯಾರಿಗಾಗಿ ನುಂಗಬೇಕೆಂದು ಯೋಚಿಸಿದಳು. ಆಮೇಲೆ ತನಗಾಗಿಯೇ ನುಂಗಿದಳು. ರೋಗಕ್ಕೆ ಅಂಜುವ ಜನರನ್ನು ಅವಳು ಬಸ್ಸಿನಲ್ಲಿ, ಬೀದಿಯಲ್ಲಿ ಕಂಡಿದ್ದಳು. ನೋವಾದರೂ ಮರೆಯುತ್ತಿತ್ತು. ಬಿದ್ದಾಗಲೆಲ್ಲ ತನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ತಂಗಿಯೇ ಹೀಗೆ ಮಾಡಿದ್ದು ಮಾತ್ರ ಎದೆಯಿಂದ ಇಳಿಯಲೊಲ್ಲದು.

ಭಾನುವಾರ ಬೆಳಿಗ್ಗೆ ಹುಡುಗನ ಕಡೆಯವರು ಪ್ರವಾಸದ ಮಾತಿಗೆ ಬರುವವರಿದ್ದರು. "ಇವತ್ತೊಂದಿನ ಚಿಕ್ಕಮ್ಮನ ಮನೆಗೆ..." ಎಂದು ಅಮ್ಮ ಬಾಯಿ ತೆರೆದಳು. "ಎಲ್ಲೂ ಹೋಗಲ್ಲ," ಎಂದು ಅಕ್ಕ ತನ್ನ ಕೋಣೆಯಲ್ಲಿ ಕೂತಳು. ಬಾಗಿಲನ್ನು ಅಮ್ಮನೇ ಎಳೆದು ಮುಚ್ಚಿದಳು.

ಹುಡುಗ, ಅವನ ಅಪ್ಪ ಅಮ್ಮ, ಅಜ್ಜಿ ಬಂದು ಕೂತರು. ಟೀ ಕುಡಿದಾಯಿತು. ಅಜ್ಜಿ ದಿನಗಳ ವಿವರವಿದ್ದ ಪ್ರವಾಸದ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು.

"ಮೇಷ್ಟ್ರೇ, ಇದೇನಿದು? ವಿಮಾನ ಇಳಿದ ದಿನಾನೇ ಸಾವಿರದ ಇನ್ನೂರು ಮೆಟ್ಟಿಲು ಹತ್ತಬೇಕಾ? ನಾಲ್ಕನೇ ದಿನ ವಿಶ್ರಾಂತಿಯಂತೆ. ಅಷ್ಟೊತ್ತಿಗೆ ನಂಗೆ ಶಾಶ್ವತ ವಿಶ್ರಾಂತಿಯೇ ಸಿಕ್ಕಿರುತ್ತೆ!"

ಹುಡುಗ ನಕ್ಕ. ಅವನಪ್ಪ ನಗಲಿಲ್ಲ. "ಗುಹೆ ಒಂದು ತುದೀಲಿ, ಜಲಪಾತ ಇನ್ನೊಂದು ತುದೀಲಿ. ಹೋಗಿ ಬಂದು ಮತ್ತೆ ಹೋಗೋದಾಗಿದೆಯಲ್ಲ ಸರ್. ಯಾರು ಮಾಡಿದ್ದು ಇದನ್ನ?"

"ಅದು... ಟ್ರಾವೆಲ್ಸ್‌ನವರು," ಎಂದರು ಅಪ್ಪ. ತಂಗಿ ಬಿಡಿಸಿ ಕೊಟ್ಟ ಹಾಳೆಯನ್ನು ಅತ್ತಿತ್ತ ತಿರುಗಿಸುತ್ತ, ಕಂಡ ಸಾಲಿನಲ್ಲೇ ನಕಲು ಮಾಡಿದವರು ಅವರೇ. ಕದ್ದ ಮಾಲು; ಅನುಮಾನ ಬಂದರೂ ಒಡತಿಯನ್ನು ಕೇಳುವ ಹಾಗಿರಲಿಲ್ಲ. ಈಗ ಕೈಚೀಲದಿಂದ ಮೂಲ ಹಾಳೆ ತೆಗೆದು ಹರಡಿದರೆ ಅರ್ಧದಷ್ಟು ದಿನಗಳು ತಲೆಕೆಳಗು. ಒಂದು ಸುಳ್ಳಿನ ಹಿಂದೆ ಇನ್ನೊಂದನ್ನು ಹುಡುಕುತ್ತ ಮೇಷ್ಟ್ರು ಬೆವರಿದರು.

ಕೋಣೆಯ ಬಾಗಿಲು ತೆರೆಯಿತು.

ಅಕ್ಕ ಯಾರ ಮುಖವನ್ನೂ ನೋಡದೆ ಮೇಜಿನ ಬಳಿ ಬಂದಳು. ಹಾಳೆ ಎತ್ತಿಕೊಂಡು ಒಮ್ಮೆ ಮಡಿಸಿದಳು, ಉಗುರಿನಿಂದ ಗೀರೆಳೆದಳು, ಇನ್ನೊಮ್ಮೆ ಮಡಿಸಿದಳು. ಹಣ್ಣಿನ ತಟ್ಟೆಯಲ್ಲಿದ್ದ ಚಾಕುವಿನಿಂದ ಅಂಚು ಸೀಳಿ ಪುಟ್ಟ ಪುಸ್ತಕವನ್ನು ಅಜ್ಜಿಯ ಕೈಗಿಟ್ಟಳು.

ಅಜ್ಜಿ ಪುಟ ತಿರುವಿದರು. ಮೊದಲ ದಿನ ವಿಶ್ರಾಂತಿ. ನಾಲ್ಕನೇ ದಿನ ಬಿಸಿನೀರಿನ ಬುಗ್ಗೆ, 'ಅಜ್ಜಿಯ ಮಂಡಿಗೆ ಒಳ್ಳೆಯದು' ಎಂಬ ಟಿಪ್ಪಣಿ ಬೇರೆ. ಐದನೇ ದಿನ ಬೆಟ್ಟ. ಎಷ್ಟೆಷ್ಟು ಮೆಟ್ಟಿಲಿಗೆ ನೆರಳಿದೆ, ಎಲ್ಲಿ ಕೂರಲು ಕಟ್ಟೆಯಿದೆ, ಎಲ್ಲವೂ ಇತ್ತು.

"ನನ್ನ ಮಂಡಿ ವಿಷಯ ನಿಂಗೆ ಹೇಗೆ ಗೊತ್ತು? ಯಾರಮ್ಮ ನೀನು?"

ಅಕ್ಕ ತಂಗಿಯನ್ನೇ ನೋಡುತ್ತ ನಿಂತಳು. ಇಲ್ಲವೆಂದವರೇ ಇದ್ದಾಳೆನ್ನಬೇಕಿತ್ತು.

ತಂಗಿ ಎದ್ದು ನಿಂತಳು. "ನಮ್ಮಕ್ಕ. ಒಡಹುಟ್ಟಿದ ಅಕ್ಕ. ಅವಳಿಗೆ ಮೂರ್ಛೆ ರೋಗ ಇದೆ. ಮೂರು ವರ್ಷದಿಂದ ಬಂದಿಲ್ಲ. ನಿಮ್ಮ ಹತ್ರ ನಾವು ಮುಚ್ಚಿಟ್ವಿ. ಪ್ಲಾನ್ ಎಲ್ಲಾ ಅವಳದ್ದೇ."

ಹುಡುಗನ ಅಮ್ಮ ಲೋಟ ಕೆಳಗಿಟ್ಟರು. "ಕಾಯಿಲೆ ಯಾರ ಮನೇಲಿಲ್ಲ? ಹೆತ್ತ ಮಗಳನ್ನೇ ಮುಚ್ಚಿಟ್ಟವರು ಇನ್ನೇನೇನು ಮುಚ್ಚಿಟ್ಟಿದೀರೋ ಅಂತ ನಂಗೆ ಭಯ."

"ತಪ್ಪು ನಮ್ಮದೇ," ಎಂದಳು ಅಮ್ಮ, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

ಅಜ್ಜಿ ಪುಸ್ತಕದಿಂದ ತಲೆ ಎತ್ತಿದರು. "ಮೇಷ್ಟ್ರೇ, ನಿಮಗೆ ಮಕ್ಕಳೆಷ್ಟು?"

ಮೇಷ್ಟ್ರು ಎದ್ದು ನಿಂತರು, ತಪ್ಪು ಮಾಡಿದ ಹುಡುಗ ಬೆಂಚಿನ ಮೇಲೆ ನಿಂತ ಹಾಗೆ. "ಇಬ್ಬರು," ಎಂದರು. "ಇಬ್ಬರು ಹೆಣ್ಣುಮಕ್ಕಳು."

"ಮದುವೆ ವಿಷಯ ನಾವು ಮನೇಲಿ ಕೂತು ಮಾತಾಡ್ತೀವಿ," ಎಂದು ಹುಡುಗನ ಅಪ್ಪ ಎದ್ದರು. ಹುಡುಗ ಬಾಗಿಲಲ್ಲಿ ನಿಂತು ತಂಗಿಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದ. "ನಾಳೆ ಫೋನ್ ಮಾಡ್ತೀನಿ," ಎಂದ. ಅಜ್ಜಿ ಮಾತ್ರ ಎಂಟು ಪುಟದ ಪುಸ್ತಕವನ್ನು ಕೈಚೀಲಕ್ಕೆ ಸೇರಿಸಿಕೊಂಡರು. "ಮದುವೆ ಆಗ್ಲಿ, ಬಿಡ್ಲಿ, ಬೆಟ್ಟಕ್ಕೆ ನಾನು ಈ ಹುಡುಗಿ ಬರೆದ ಹಾಗೇ ಹೋಗೋದು."

ಅವರು ಹೋದ ಮೇಲೆ ತಂಗಿ ಅಡುಗೆಮನೆಗೆ ಬಂದಳು. ಅಕ್ಕ ಲೋಟ ತೊಳೆಯುತ್ತಿದ್ದಳು.

"ಅಕ್ಕ, ಕೋಪನಾ?"

"ಕೋಪ ಆಗಿದ್ರೆ ಬೇಗ ಹೋಗ್ತಿತ್ತು," ಎಂದಳು ಅಕ್ಕ. ಒದ್ದೆ ಲೋಟವನ್ನು ತಂಗಿಯ ಕೈಗೆ ಕೊಡದೆ ತಾನೇ ಒರೆಸಿಟ್ಟಳು.

ಹಜಾರದಲ್ಲಿ ಅಪ್ಪ ಪಟ್ಟಿಯಲ್ಲಿ 'ಒಬ್ಬಳೇ' ಎಂಬುದನ್ನು ಹೊಡೆದುಹಾಕಿ ಎಂಟನೆಯ ಹೆಸರು ಬರೆಯುತ್ತಿದ್ದರು. ಸಂಬಂಧ ಎಂಬಲ್ಲಿ 'ಹಿರಿಯ ಮಗಳು' ಎಂದು ಬರೆದರು. ಮುಂದಿನ ಖಾನೆಗೆ ಬಂದು ಪೆನ್ನು ನಿಂತಿತು.

"ಕಾಯಿಲೆ ಅನ್ನೋ ಕಡೆ ಏನು ಬರೀಲಮ್ಮ?" ಎಂದು ಅಡುಗೆಮನೆಯತ್ತ ತಿರುಗಿ ಕೇಳಿದರು.

ಅಮ್ಮ ತಟ್ಟನೆ ಎದ್ದು ಬೀದಿ ಕಡೆಯ ಕಿಟಕಿಯತ್ತ ನಡೆದಳು. ಆ ಮಾತು ಬಂದಾಗಲೆಲ್ಲ ಕಿಟಕಿ ಮುಚ್ಚುವುದು ಅವಳ ಹದಿನೆಂಟು ವರ್ಷದ ರೂಢಿ.

"ಮೂರ್ಛೆ ರೋಗ ಅಂತ ಬರೀರಿ ಅಪ್ಪ," ಅಡುಗೆಮನೆಯಿಂದಲೇ ಅಕ್ಕ ಗಟ್ಟಿಯಾಗಿ ಹೇಳಿದಳು. "ಇರೋದನ್ನ ಬರೀರಿ."

ಬೀದಿಯಲ್ಲಿ ಹೋಗುತ್ತಿದ್ದ ಯಾರೋ ತಿರುಗಿ ನೋಡಿದರು. ಅಮ್ಮ ಚಿಲಕದ ಮೇಲಿಟ್ಟ ಕೈಯನ್ನು ತೆಗೆದಳು. ಕಿಟಕಿಯನ್ನು ಹಾಗೆಯೇ ಬಿಟ್ಟು ಬಂದು ಕೂತಳು.